ಚಹಾ ಬಣ್ಣದ ಗಾಜು

ಕೂಲಿಂಗ್ ಗ್ಲಾಸ್ ಬೇಕು ಎಂದು ಬಂದವರನ್ನು ಕನ್ನಡಕದಕ್ಕ ಮೊದಲು ಅಂಗಡಿಯಿಂದ ಆಚೆ ಕಳಿಸುತ್ತಿದ್ದಳು. ಜಗಳವಾಡಿ ಅಲ್ಲ, ಬಿಸಿಲಿಗೆ. ಟ್ಯೂಬ್‌ಲೈಟಿನ ಕೆಳಗೆ ಕನ್ನಡಿ ನೋಡಿಕೊಂಡು ಕೂಲಿಂಗ್ ಗ್ಲಾಸ್ ಆರಿಸುವುದು ದಡದಲ್ಲಿ ಕೂತು ಈಜು ಕಲಿತ ಹಾಗೆ ಎನ್ನುವುದು ಅವಳ ಮಾತು. ಬಂದವರು ಹೊಸ್ತಿಲು ದಾಟಿ ಬೀದಿಯಲ್ಲಿ ನಿಲ್ಲಬೇಕು. ಬಣ್ಣಬಣ್ಣದ ಗಾಜುಗಳನ್ನು ಪೋಣಿಸಿದ ಒಂದು ದಪ್ಪ ಬಳೆ ಹಿಡಿದು ಅವಳು ಎದುರಿಗೆ ನಿಲ್ಲುತ್ತಾಳೆ. ಆಮೇಲೆ ಶುರು ವಿಚಾರಣೆ. "ದಿನವೆಲ್ಲ ಏನು ನೋಡ್ತೀರಿ? ಯಾವ ಹೊತ್ತಲ್ಲಿ? ಬಿಸಿಲಿಂದ ನೆರಳಿಗೆ ಎಷ್ಟು ಸಲ ಬರ್ತೀರಿ?" ಪೊಲೀಸರೂ ಇಷ್ಟು ಕೇಳಲಿಕ್ಕಿಲ್ಲ.

ಆದರೆ ಕೇಳಿದ್ದಕ್ಕೆ ಫಲ ಇರುತ್ತಿತ್ತು. ದೋಣಿಯವನಿಗೆ ನೀರಿನ ಮೇಲಿನ ಝಳಪನ್ನು ಅಳಿಸಿಬಿಡುವ ಪೋಲರೈಸ್ಡ್ ಗಾಜು ಕೊಟ್ಟಳು. ಅದನ್ನು ಹಾಕಿಕೊಂಡು ಮೊದಲ ಸಲ ಕೆರೆಯ ತಳ ಕಂಡವನು ಅಲ್ಲಿ ಬಿದ್ದಿದ್ದ ತನ್ನದೇ ಹಳೇ ಚಪ್ಪಲಿ ಎತ್ತಿಕೊಂಡು ಬಂದ. ಅದೇ ನನಗೂ ಬೇಕು ಎಂದ ಲಾರಿ ಡ್ರೈವರಿಗೆ, "ದಾರಿ ತೋರಿಸೋ ನಿಮ್ಮ ಫೋನಿನ ಪರದೆ ಒಂದೊಂದು ಕೋನದಲ್ಲಿ ಪೂರ್ತಿ ಕಪ್ಪಗಾಗುತ್ತೆ, ಆಮೇಲೆ ಕನ್ನಡಕದಕ್ಕ ದಾರಿ ತಪ್ಪಿಸಿದಳು ಅಂತೀರಿ" ಎಂದು ಹೇಳಿ ಸಾದಾ ಬೂದು ಗಾಜು ಕೊಟ್ಟಳು. ಬೂದು ಬಣ್ಣ ಎಲ್ಲವನ್ನೂ ಒಂದೇ ಸಮನೆ ಮಂಕಾಗಿಸುತ್ತದೆ, ಯಾವ ಬಣ್ಣಕ್ಕೂ ಮೋಸ ಮಾಡುವುದಿಲ್ಲ. ಮಂಜಿನಲ್ಲಿ ಬೆಳಿಗ್ಗೆ ಸೈಕಲ್ ತುಳಿಯುವ ಹಾಲಿನವನಿಗೆ ಹಳದಿ. ಬಿಸಿಲಿನಿಂದ ಕತ್ತಲೆಯ ಮೆಟ್ಟಿಲಿಗೂ ಮೆಟ್ಟಿಲಿನಿಂದ ಬಿಸಿಲಿಗೂ ದಿನಕ್ಕೆ ನೂರು ಸಲ ಓಡಾಡುವ ಅಂಚೆಯ ಹೆಂಗಸಿಗೆ ಮಾತ್ರ ಗಾಜೇ ಬೇಡ, ಅಗಲ ಅಂಚಿನ ಟೊಪ್ಪಿ ಕೊಂಡುಕೋ ಎಂದು ಪಕ್ಕದ ಅಂಗಡಿಗೆ ಕಳಿಸಿದಳು. ಒಳಗೆ ಗಾಜು ಉಜ್ಜುತ್ತ ಕೂತಿದ್ದ ಅವಳ ಗಂಡ ಇದನ್ನು ಕೇಳಿ, "ವ್ಯಾಪಾರ ಅಂದ್ರೆ ಇದು" ಎಂದು ಗೋಡೆಗೆ ಹೇಳಿಕೊಂಡ.

ಇಂಥ ಅಕ್ಕನಿಗೆ ಒಬ್ಬ ತಮ್ಮ. ಐವತ್ತೆರಡು ವರ್ಷ, ಬುರುಜಿನ ಹಾಗಿನ ಆಳು, ಆದರೂ ಅವಳ ಬಾಯಲ್ಲಿ ಇನ್ನೂ ಪುಟ್ಟ. ಕಸುಬು ಗೋಡೆಗೆ ಬಣ್ಣ ಹೊಡೆಯುವುದು. ಬಿಸಿಲು ಬೆಂಕಿಯ ಹಾಗೆ ಸುರಿಯುವ ಆ ಊರಿನಲ್ಲಿ ಎಲ್ಲರಿಗೂ ಬಿಳಿ ಗೋಡೆಯೇ ಬೇಕು, ಬಿಳಿಯಲ್ಲಿ ಪುಟ್ಟನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಬರೀ ಬಿಳಿ ಬೆಳ್ಳಗೆ ಕಾಣುವುದಿಲ್ಲ, ಅದಕ್ಕೆ ಒಂದು ಹನಿ ನೀಲಿ ಬೀಳಬೇಕು. ಎಷ್ಟು ಹನಿ ಎನ್ನುವುದು ಅವನ ಕಣ್ಣಿಗೆ ಮಾತ್ರ ಗೊತ್ತು. ಬೇರೆಯವರು ಅಂಗಡಿಯ ಬಣ್ಣದ ಪಟ್ಟಿ ಹಿಡಿದು ಹೋಲಿಸುತ್ತಾರೆ, ಪುಟ್ಟ ಪಟ್ಟಿಯನ್ನು ಮುಟ್ಟಿದವನೇ ಅಲ್ಲ. ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನೀಲಿಯ ಸಣ್ಣ ಬಾಟಲಿ ಬಗ್ಗಿಸಿ, ಕೋಲಿನಿಂದ ತಿರುವಿ, ತಲೆ ಓರೆ ಮಾಡಿ ನೋಡಿ, "ಬಂತು" ಎನ್ನುತ್ತಾನೆ. ಬಂತು ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಆ ಬೇಸಿಗೆಯಲ್ಲಿ ಪುಟ್ಟ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದು, "ಅಕ್ಕಾ, ಮಧ್ಯಾಹ್ನ ಗೋಡೆ ನೋಡಕ್ಕಾಗಲ್ಲ. ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ" ಎಂದ. ಊರವರನ್ನೆಲ್ಲ ಬಿಸಿಲಿಗೆ ನಿಲ್ಲಿಸಿ ಪ್ರಶ್ನೆ ಕೇಳುವವಳು ತಮ್ಮನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ನನ್ನ ತಮ್ಮ ನನಗೆ ಗೊತ್ತಿಲ್ಲವೇ ಎಂದುಕೊಂಡಳು. ಬಿಳಿ ಗೋಡೆಯ ಮೇಲೆ ಬಿಳಿ ಬಳಿಯುವವನಿಗೆ ಬ್ರಷ್ ತಾಗದೆ ಬಿಟ್ಟುಹೋದ ಜಾಗ ಎದ್ದು ಕಾಣಬೇಕು, ಅದಕ್ಕೆ ಕಂದು ಗಾಜೇ ಸರಿ, ಏರು ತಗ್ಗನ್ನು ಅದು ಒಡೆದು ತೋರಿಸುತ್ತದೆ. ಒಂದು ಒಳ್ಳೆ ಫ್ರೇಮಿಗೆ ಕಂದು ಗಾಜು ಕೂರಿಸಿ ಅವನ ಮೂಗಿನ ಮೇಲೆ ಇಟ್ಟಳು. ಕನ್ನಡಿ ನೋಡಿಕೊಂಡು ಅವನು, "ಸಿನಿಮಾದಲ್ಲಿ ಕಳ್ಳಸಾಗಣೆ ಮಾಡೋನ ಹಾಗಿದೀನಿ" ಎಂದು ಖುಷಿಪಟ್ಟ. "ಓದೋ ಕನ್ನಡಕದ ನಂಬರೂ ನೋಡ್ಲೇನೋ?" ಎಂದಾಗ ಅವನು ಎದೆ ಉಬ್ಬಿಸಿ, "ಅದನ್ನು ಬಿಟ್ಟು ಒಂದು ವರ್ಷ ಆಯ್ತು. ಪೇಪರು ಬರಿಗಣ್ಣಲ್ಲೇ ಓದ್ತೀನಿ. ನಿನಗೆ ವಯಸ್ಸಾಗ್ತಿದೆ, ನನಗೆ ಇಳೀತಿದೆ" ಎಂದ. ಅಕ್ಕ ನಕ್ಕು ಅವನ ಬೆನ್ನಿಗೆ ಗುದ್ದಿದಳು. ಅವತ್ತು ನಗುವುದನ್ನು ಬಿಟ್ಟು ಯೋಚನೆ ಮಾಡಬೇಕಾಗಿತ್ತು, ಆದರೆ ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಯವರ ಕಾಯಿಲೆಯೂ ಹಾಗೆಯೇ, ಕಾಯಿಲೆ ಎಂದೇ ಕಾಣುವುದಿಲ್ಲ.

ಆ ಕಂದು ಕನ್ನಡಕ ಹಾಕಿಕೊಂಡು ಪುಟ್ಟ ಒಪ್ಪಿಕೊಂಡ ಮೊದಲ ಕೆಲಸ ಮೇಡಂ ಮನೆಯದು. ಮೇಡಂ ಎಂದರೆ ಊರ ಶಾಲೆಯಲ್ಲಿ ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ನಿವೃತ್ತಿ ಶಾಲೆಯಿಂದ ಮಾತ್ರ, ತಪ್ಪು ತಿದ್ದುವುದರಿಂದ ಅಲ್ಲ. ಮೂರು ದಿನ ಕೆಲಸ ನಡೆಯಿತು. ಮೂರನೆಯ ಸಂಜೆ ಗೋಡೆ ಒಣಗಿದ ಮೇಲೆ ಮೇಡಂ ಗೇಟಿನ ಹತ್ತಿರ ನಿಂತು ಒಂದು ಸಲ ನೋಡಿದರು.

"ನಾನು ಹೇಳಿದ್ದು ಯಾವ ಬಣ್ಣ?"

"ಬಿಳಿ, ಮೇಡಂ."

"ಇದು ಯಾವ ಬಣ್ಣ?"

"ಬಿಳಿ, ಮೇಡಂ."

"ಇದು ನೀಲಿ! ನನ್ನ ಮನೆ ಎಲ್ಲಿ ಮುಗಿಯುತ್ತೆ, ಆಕಾಶ ಎಲ್ಲಿ ಶುರುವಾಗುತ್ತೆ ಗೊತ್ತಾಗ್ತಿಲ್ಲ. ಹಕ್ಕಿಗಳು ಬಂದು ಡಿಕ್ಕಿ ಹೊಡೆಯುತ್ತವೆ."

ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಲು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಅಕ್ಕ ಓಡಿ ಹೋಗಿ ನೋಡಿದಳು. ನೀಲಿಯೇ. ಕಡುನೀಲಿ ಏನಲ್ಲ, ತೊಳೆದ ಆಕಾಶದ ನೀಲಿ. ಕಂದು ಗಾಜಿನ ಒಳಗಿಂದ ನೋಡಿದರೆ ಬಿಳಿ ಮಾಸಿದ ಹಾಗೆ ಕಾಣುತ್ತದೆ. ಮಾಸಿದ್ದನ್ನು ಬೆಳ್ಳಗೆ ಮಾಡಲು ಇವನು ನೀಲಿ ಸುರಿದಿದ್ದಾನೆ. ಕಲಸುವಾಗ ಕಳಚಿಡು ಎಂದು ತಾನು ಹೇಳಲೇ ಇಲ್ಲ.

"ಕಳಚೇ ಕಲಸಿದ್ದು ಅಕ್ಕಾ. ಅಷ್ಟು ಗೊತ್ತಿಲ್ವಾ ನನಗೆ?" ಎಂದ ಪುಟ್ಟ.

"ಮರೆತಿರ್ತೀಯ."

"ಮರೆತಿಲ್ಲ. ಮತ್ತೆ ಇದು ನೀಲಿಯೂ ಅಲ್ಲ."

ಅಕ್ಕ ಅವನ ಮಾತನ್ನು ನಂಬಲಿಲ್ಲ. ಮೊಂಡ ಎಂದುಕೊಂಡಳು. ತಪ್ಪು ತನ್ನದು ಎಂದು ಮೇಡಂ ಹತ್ತಿರ ಕ್ಷಮೆ ಕೇಳಿ, ತಮ್ಮನಿಗೆ ಬಣ್ಣಕ್ಕೆ ಮೋಸ ಮಾಡದ ಬೂದು ಗಾಜು ಕೂರಿಸಿದ ಬೇರೆ ಕನ್ನಡಕ ಕೊಟ್ಟು, ಮನೆಯ ಮುಂಭಾಗದ ಗೋಡೆಗೆ ಇನ್ನೊಮ್ಮೆ ಹೊಡೆಸಿದಳು. ಪುಟ್ಟ ಈ ಸಲ ಬಕೆಟ್ಟಿನ ಮುಂದೆ ಕೂತಾಗ ಎಲ್ಲರಿಗೂ ಕಾಣುವ ಹಾಗೆ ಕನ್ನಡಕ ಕಳಚಿ ಜೇಬಿಗೆ ಹಾಕಿಕೊಂಡ. "ಬಂತು" ಎಂದ. ಮರುದಿನ ಬೆಳಿಗ್ಗೆ ಬಿಸಿಲು ಬಿದ್ದಾಗ ಗೋಡೆ ಮೊದಲಿಗಿಂತ ಒಂದು ಕೈ ಹೆಚ್ಚೇ ನೀಲಿಯಾಗಿತ್ತು.

ಆಗ ಪುಟ್ಟನಿಗೆ ನಿಜವಾಗಿ ಪೆಟ್ಟು ಬಿತ್ತು. ಬೂದು ಕನ್ನಡಕವನ್ನು ತಂದು ಕೌಂಟರಿನ ಮೇಲಿಟ್ಟು, "ನಿನ್ನ ಗಾಜು ಹಾಕಿಕೊಂಡ ಮೇಲೆ ನನ್ನ ಕಣ್ಣೇ ಕೆಟ್ಟುಹೋಯ್ತು" ಎಂದ. ಬೇಕೆಂದು ಚುಚ್ಚಲು ಹೇಳಿದ್ದಲ್ಲ, ದಾರಿ ಕಾಣದೆ ಹೇಳಿದ್ದು. ಅದಕ್ಕೇ ಅದು ಹೆಚ್ಚು ನಾಟಿತು. ಅವನು ಬ್ರಷ್‌ಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳಿದ. ತಮ್ಮನ ಹೆಂಡತಿ ಅಂಗಡಿಗೆ ಬಂದು, "ಅತ್ತಿಗೆ, ನಿಮ್ಮ ತಮ್ಮ ಗೋಡೆ ನೋಡ್ತಾ ಕೂತಿರ್ತಾರೆ, ಮಾತಾಡಲ್ಲ. ಇನ್ನೊಂದು ವಾರ ಹೀಗೇ ಕೂತರೆ ಅವರಿಗೇ ಎರಡು ಕೋಟು ಬಳಿದುಬಿಡ್ತೀನಿ" ಎಂದಳು. ತಮಾಷೆ ಮಾಡುತ್ತಲೇ ಕಣ್ಣೊರೆಸಿಕೊಂಡಳು. ಬಿಳಿಯನ್ನು ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿಲ್ಲ ಎನ್ನುವುದು ಅಕ್ಕನಿಗೂ ಗೊತ್ತಿತ್ತು. ತಮ್ಮನ ಕೈಯಿಂದ ಬ್ರಷ್ ಕಸಿದವಳು ನಾನೇ ಎಂದು ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬೀದಿಯವರು ಮಾತ್ರ ಪುಟ್ಟನ ಕಡೆ. ಎದುರಿನ ದರ್ಜಿ ಅಕ್ಕನ ಅಂಗಡಿಗೆ ಬಂದು ಸಮಾಧಾನ ಹೇಳಿದ. "ನೀವ್ಯಾಕೆ ಕೊರಗ್ತೀರಿ ಅಕ್ಕಾ? ನಮ್ಮನೆ ಗೋಡೆನೂ ಹೋದ ವರ್ಷ ಪುಟ್ಟಣ್ಣನೇ ಹೊಡೆದಿದ್ದು, ಕಣ್ಣಿಗೆ ಎಷ್ಟು ತಂಪಾಗಿದೆ! ಆ ಮೇಡಮ್ಮಿಗೆ ಯಾವುದು ತಾನೇ ಸರಿ ಕಾಣುತ್ತೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ."

ಒಳಗಿಂದ ಅಕ್ಕನ ಗಂಡನ ದನಿ ಬಂತು. ಅಪರೂಪಕ್ಕೆ ಈ ಸಲ ಗೋಡೆಗಲ್ಲ, ಮನುಷ್ಯರಿಗೇ ಹೇಳಿದ. "ಹಳದಿ ತಾನೇ ಕಾಣಬೇಕು? ಮೇಡಮ್ಮಿಗೆ ನೀಲಿ ಕಂಡಿದೆಯಲ್ಲಪ್ಪ."

ದರ್ಜಿ ನಕ್ಕು ಹೋದ. ಅಕ್ಕ ನಗಲಿಲ್ಲ. ನೀಲಿ ಕಂಡದ್ದು ಮೇಡಮ್ಮಿಗೆ, ತನಗೂ ಕೂಡ. ಹಾಗಿದ್ದರೆ ಇಲ್ಲಿ ಹಳದಿ ಕಣ್ಣು ಯಾರದ್ದು? ಅವಳು ಬಣ್ಣದ ಗಾಜಿನ ಬಳೆ ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಸುಡುವ ಮಧ್ಯಾಹ್ನದಲ್ಲಿ ಮೇಡಂ ಮನೆಗೆ ನಡೆದಳು.

ಗೇಟಿನ ಹೊರಗೆ ನಿಂತು ಒಂದೊಂದೇ ಗಾಜನ್ನು ಕಣ್ಣಿಗೆ ಹಿಡಿದಳು. ಬೂದು ಹಿಡಿದಳು, ಗೋಡೆ ಮಂಕಾಯಿತು, ನೀಲಿ ನೀಲಿಯಾಗಿಯೇ ಉಳಿಯಿತು. ಹಸಿರು ಹಿಡಿದಳು, ಗೋಡೆ ಪಾಚಿಗಟ್ಟಿದ ಹಾಗಾಯಿತು. ಗುಲಾಬಿಯಲ್ಲಿ ಸೀಬೆಹಣ್ಣಿನ ತಿರುಳಿನ ಹಾಗೆ ಕಂಡಿತು. ಮಂಜಿಗೆ ಕೊಡುವ ಹಳದಿ ಹಿಡಿದಾಗ ನೀಲಿ ಅರ್ಧ ಇಳಿಯಿತು. ಅವಳ ಕೈ ನಿಧಾನವಾಯಿತು. ಬಳೆಯ ಕೊನೆಯಲ್ಲಿ ಯಾರೂ ಕೇಳದ ಒಂದು ಗಾಜಿತ್ತು, ಹಳದಿಗೂ ಕಂದಿಗೂ ನಡುವಿನದು, ಹಾಲಿಲ್ಲದ ತೆಳು ಚಹಾದ ಬಣ್ಣ. ಅದನ್ನು ಹಿಡಿದಳು. ಗೋಡೆ ಬೆಳ್ಳಗಾಯಿತು. ಹಾಲಿಗಿಂತ ಬೆಳ್ಳಗೆ, ಒಂದು ಕಲೆ ಇಲ್ಲದೆ, ಪುಟ್ಟನ ಕೈಯಿಂದ ಮಾತ್ರ ಬರಬಹುದಾದ ಬಿಳಿ.

ತಮ್ಮ ಸುಳ್ಳು ಹೇಳಿರಲಿಲ್ಲ. ಅವನಿಗೆ ಕಂಡದ್ದು ಇದು. ಆದರೆ ಅವನು ಕನ್ನಡಕ ಕಳಚಿದ್ದ. ಹಾಗಾದರೆ ಈ ಚಹಾ ಬಣ್ಣದ ಗಾಜು ಅವನ ಕಣ್ಣಿನ ಹೊರಗಿಲ್ಲ, ಒಳಗಿದೆ. ಮಧ್ಯಾಹ್ನದ ಬೆಳಕು ಚುಚ್ಚಿದ್ದು, ಓದುವ ಕನ್ನಡಕ ಇದ್ದಕ್ಕಿದ್ದ ಹಾಗೆ ಬೇಡವಾದದ್ದು, ಎಲ್ಲವೂ ಅವಳ ತಲೆಯಲ್ಲಿ ಒಂದರ ಪಕ್ಕ ಒಂದು ಬಂದು ಕೂತವು. ಕಣ್ಣಿನ ಪೊರೆ ಬಲಿಯುವಾಗ ಕೆಲವರಿಗೆ ಸ್ವಲ್ಪ ದಿನ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ಬೇರೆ ಯಾರಾದರೂ ಬಂದು ಹೇಳಿದ್ದರೆ ಆ ನಿಮಿಷವೇ ಡಾಕ್ಟರ ಹತ್ತಿರ ಓಡಿಸುತ್ತಿದ್ದಳು. ತಮ್ಮನ ಬೆನ್ನಿಗೆ ಗುದ್ದಿ ಕಳಿಸಿದ್ದಳು.

"ನನ್ನ ಗೇಟಲ್ಲಿ ನಿಂತು ಯಾಕಮ್ಮ ಅಳ್ತಿದೀಯ?" ಮೇಡಂ ಜಗುಲಿಯಿಂದ ಕೇಳಿದರು.

"ಮೇಡಂ, ನಿಮ್ಮ ಗೋಡೆ ಬೆಳ್ಳಗಿದೆ" ಎಂದಳು ಅಕ್ಕ ಮೂಗೊರೆಸಿಕೊಳ್ಳುತ್ತ.

"ನಿಮ್ಮ ವಂಶಕ್ಕೇ ಬಂದಿದೆಯಾ ಇದು?" ಎಂದರು ಮೇಡಂ.

ಪುಟ್ಟನನ್ನು ಎಬ್ಬಿಸುವುದು ಸುಲಭವಾಗಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಕ್ಕ ಪಕ್ಕದಲ್ಲಿ ಕೂತು ಚಹಾ ಬಣ್ಣದ ಗಾಜನ್ನು ಅವನ ಕಣ್ಣೆದುರು ಹಿಡಿದಳು. "ಬಣ್ಣ ಬದಲಾಯ್ತೇನೋ?"

"ಇಲ್ಲ. ಸ್ವಲ್ಪ ಮಬ್ಬಾಯ್ತು, ಅಷ್ಟೇ."

ಅವಳು ಅದೇ ಗಾಜನ್ನು ಅವನ ಹೆಂಡತಿಯ ಕಣ್ಣೆದುರು ಹಿಡಿದಳು. "ಅಯ್ಯೋ, ಮನೆಯೆಲ್ಲ ಚಹಾ ಚೆಲ್ಲಿದ ಹಾಗಿದೆ!" ಎಂದಳು ಅವಳು.

ಪುಟ್ಟ ಎದ್ದು ಕೂತ. ಹೆಂಡತಿಯ ಮುಖ ನೋಡಿದ, ಗಾಜು ನೋಡಿದ, ಅಕ್ಕನ ಮುಖ ನೋಡಿದ. ಅವನು ದಡ್ಡನಲ್ಲ. ಚಿಕ್ಕಂದಿನಲ್ಲಿ ಕೊಳಕ್ಕೆ ಬಿದ್ದು ಎದ್ದಾಗ ಕೇಳಿದ್ದ ದನಿಯಲ್ಲೇ ಕೇಳಿದ. "ಅಕ್ಕಾ, ಕುರುಡಾಗ್ತೀನಾ?"

"ಕುರುಡೂ ಇಲ್ಲ ಮಣ್ಣೂ ಇಲ್ಲ. ಪೊರೆ ತೆಗೆದು ಒಳಗೆ ಹೊಸ ಲೆನ್ಸ್ ಹಾಕ್ತಾರೆ. ನಿನಗೆ ಹಳೇ ಬಣ್ಣ ಕೆರೆಯದೆ ಹೊಸದು ಬಳಿಯೋಕೆ ಆಗುತ್ತಾ? ಹಾಗೇ ಇದು." ಇಷ್ಟು ಹೇಳಿ, ಹೇಳಲೇಬೇಕಾದದ್ದನ್ನೂ ಹೇಳಿದಳು. "ನೀನು ಕಳಚಿದ್ದೆ ಅಂದೆ, ನಾನು ನಂಬಲಿಲ್ಲ. ತಪ್ಪಾಯ್ತು ಪುಟ್ಟ."

"ಬಿಡು. ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ" ಎಂದ ಪುಟ್ಟ.

ಡಾಕ್ಟರು ಒಂದು ಕಣ್ಣು ಮೊದಲು, ಇನ್ನೊಂದು ತಿಂಗಳ ಮೇಲೆ ಎಂದರು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಕ್ಕನೇ ಕರೆದುಕೊಂಡು ಬರಲು ಹೋಗಿದ್ದಳು. ಈ ಸಲ ಕನ್ನಡಕ ಕೊಡುವ ಮುಂಚೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಲ್ಲಿಸಿ ಹದಿನೈದು ಪ್ರಶ್ನೆ ಕೇಳಿದಳು. ಕೊನೆಗೆ, ಬಿಸಿಲನ್ನು ತಡೆಯುವ, ಬಣ್ಣವನ್ನು ತಿರುಚದ ಬೂದು ಗಾಜನ್ನೇ ಕೊಟ್ಟಳು. "ಡಾಕ್ಟರು ಹೇಳೋವರೆಗೂ ತೆಗೀಬೇಡ" ಎಂದಳು. ಅವನು ಬೀದಿಗೆ ಕಾಲಿಟ್ಟ ತಕ್ಷಣ ಅದನ್ನು ಹಣೆಗೆ ಏರಿಸಿದ.

ಬೀದಿಯ ಮೊದಲ ಮನೆಯ ಮುಂದೆ ನಿಂತ. "ಇದು ನಾನು ಹೊಡೆದದ್ದು. ಆರು ವರ್ಷ ಆಯ್ತು. ಬಿಳಿ." ಮುಂದೆ ನಡೆದ. "ಇದೂ ನಂದೇ. ನಾಲ್ಕು ವರ್ಷ." ಹೊಸ ಕಣ್ಣು ಕಿರಿದು ಮಾಡಿದ. "ಇದರಲ್ಲಿ ಒಂದು ಹನಿ ಜಾಸ್ತಿ." ಆಮೇಲಿನ ಮನೆಯ ಮುಂದೆ ಬೆರಳು ಮಡಚಿ ಹನಿ ಎಣಿಸಿದ. ಅದರ ಮುಂದಿನದು ದರ್ಜಿಯ ಮನೆ. ಅದನ್ನು ನೋಡಿ ಕಂಬ ಹಿಡಿದುಕೊಂಡ. ಮನೆಯಿಂದ ಮನೆಗೆ ಬೀದಿ ಸ್ವಲ್ಪ ಸ್ವಲ್ಪವೇ ನೀಲಿಯಾಗುತ್ತ ಹೋಗಿತ್ತು. ಯಾವ ವರ್ಷ ಎಷ್ಟು ಪೊರೆ ಬೆಳೆದಿತ್ತು ಎಂದು ಡಾಕ್ಟರಿಗಿಂತ ಚೆನ್ನಾಗಿ ಆ ಗೋಡೆಗಳು ಹೇಳುತ್ತಿದ್ದವು.

"ಅಕ್ಕಾ, ಯಾರೂ ಹೇಳಲೇ ಇಲ್ಲವಲ್ಲೇ!"

"ತಂಪಾಗಿದೆ ಅಂದುಕೊಂಡ್ರು. ಹೊಸ ಥರ ಅಂದುಕೊಂಡ್ರು. ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಸುಮ್ಮನಿದ್ದವರೂ ಇರಬಹುದು." ಅಕ್ಕ ಬೀದಿಯುದ್ದ ಕಣ್ಣು ಹಾಯಿಸಿ, "ನಾನೂ ದಿನಾ ಈ ಬೀದಿಯಲ್ಲೇ ಓಡಾಡ್ತಿದ್ದೆ ಪುಟ್ಟ" ಎಂದಳು.

ಅವನು ನಕ್ಕ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಒಂದು ಇಡೀ ಬೀದಿಗೆ ನೀಲಿ ಬಳಿದು ಎಲ್ಲರ ಹತ್ತಿರ ಬಿಳಿ ಅನ್ನಿಸಿಕೊಂಡೆನಲ್ಲೇ!" ಅಕ್ಕನಿಗೂ ನಗು ತಡೆಯಲಾಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು, ಆಪರೇಷನ್ ಕಣ್ಣಿಗೆ ಮಾಡಿಸಿದರೋ ತಲೆಗೋ ಎಂದು ನೋಡಿದರು.

ನಗು ನಿಂತದ್ದು ಮೇಡಂ ಮನೆಯ ಮುಂದೆ. ಪುಟ್ಟ ಗೋಡೆಯೆದುರು ನಿಂತು ಹೊಸ ಕಣ್ಣನ್ನು ಕೈಯಿಂದ ಮುಚ್ಚಿದ, ತೆಗೆದ. ಹಳೇ ಕಣ್ಣನ್ನು ಮುಚ್ಚಿದ, ತೆಗೆದ. ಮೇಡಂ ಜಗುಲಿಯಿಂದ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಈಗ ಹೇಳು. ಯಾವ ಬಣ್ಣ?"

"ಈ ಕಣ್ಣಿಗೆ ಬಿಳಿ, ಮೇಡಂ. ಈ ಕಣ್ಣಿಗೆ ನೀಲಿ." "ನೀವು ಹೇಳಿದ್ದೇ ಸರಿ. ಇಡೀ ಊರಲ್ಲಿ ನೀವೊಬ್ಬರೇ ಹೇಳಿದ್ದು."

ಈ ಒಂದು ತಿಂಗಳು ಬೀದಿಯವರು ಮೇಡಂ ಜೊತೆ ಸರಿಯಾಗಿ ಮಾತಾಡಿರಲಿಲ್ಲ, ಬಡಪಾಯಿ ಪುಟ್ಟನ ಹೊಟ್ಟೆಯ ಮೇಲೆ ಹೊಡೆದರು ಎಂದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವುದು ಸುಳ್ಳಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ದನಿ ಗಟ್ಟಿ ಮಾಡಿಕೊಂಡರು.

"ಸರಿ, ಯಾವಾಗ ಹೊಡೀತೀಯ?"

"ನಾಳೆನೇ ಬರ್ತೀನಿ ಮೇಡಂ, ಡಾಕ್ಟರು ಬೇಡ ಅಂದ್ರೂ..."

"ಬೇಡ. ಎರಡನೇ ಕಣ್ಣೂ ಆಗ್ಲಿ. ಒಂದೇ ಕಣ್ಣಿನ ಬಿಳಿ ನನಗೆ ಬೇಡ. ಅಲ್ಲಿವರೆಗೆ ಹಕ್ಕಿಗಳನ್ನು ನಾನು ನೋಡಿಕೊಳ್ತೀನಿ."

ಪುಟ್ಟ ತಲೆ ತಗ್ಗಿಸಿ ನಿಂತಿದ್ದ. ಹೋಗಲು ತಿರುಗಿದವನು ಮತ್ತೆ ಮೇಡಂ ಕಡೆಗೇ ಬಂದ. "ಒಂದು ಮಾತು ಮೇಡಂ. ಇನ್ನು ಮೇಲೆ ನಾನು ಎಲ್ಲೇ ಬಿಳಿ ಕಲಸಿದ್ರೂ ನಿಮ್ಮನ್ನ ಕರೀತೀನಿ. ಬಂದು ಒಂದು ಸಲ ನೋಡಿ ಬೈತೀರಾ?"

"ಬೈಯೋದಕ್ಕೆ ನನ್ನನ್ನು ಯಾರೂ ಕರೆಯೋದೇ ಬೇಕಿಲ್ಲ" ಎಂದರು ಮೇಡಂ. ಆಮೇಲೆ ಅವನ ಹಣೆಯ ಮೇಲಿದ್ದ ಕನ್ನಡಕವನ್ನು ತಾವೇ ಕೈಯಾರೆ ಕೆಳಗಿಳಿಸಿ ಹೊಸ ಕಣ್ಣಿನ ಮೇಲೆ ಸರಿಯಾಗಿ ಕೂರಿಸಿದರು.